ಹಾಸ್ಟೆಲ್ ಗೇಟಿನ ಊದಪ್ಪ

ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಮಿಕ್ಕಂತೆ ಎಲ್ಲರ ಬಾಯಲ್ಲೂ ಅವನು ಊದಪ್ಪ. ಹುಡುಗರ ಹಾಸ್ಟೆಲ್ ಗೇಟಿನಲ್ಲಿ ನಿಂತು, ಹೊರಗಿನಿಂದ ಬಂದ ಪ್ರತಿಯೊಬ್ಬನ ಬಾಯಿಗೂ ಕುಡಿದಿದ್ದರೆ ಅಂಕಿ ತೋರಿಸುವ ಅಂಗೈಯಗಲದ ಕಪ್ಪು ಯಂತ್ರವೊಂದನ್ನು ಹಿಡಿದು "ಊದಪ್ಪ, ಇನ್ನೂ ಜೋರಾಗಿ ಊದಪ್ಪ" ಅನ್ನುವುದು ಅವನ ಕೆಲಸ. ಆ ಮಾತೇ ಹೆಸರಾಗಿ ಅಂಟಿಕೊಂಡಿತು. ಮೊದಮೊದಲು ಮುಖ ಗಂಟಿಕ್ಕುತ್ತಿದ್ದ. ಕಚೇರಿಯಲ್ಲಿ ನಾವೂ ಹಾಗೇ ಕರೆಯತೊಡಗಿದ ಮೇಲೆ ಓಗೊಡುವುದನ್ನು ಕಲಿತ.

ನಾನು ಅದೇ ಕಾಲೇಜಿನ ಕಚೇರಿಯಲ್ಲಿ ಟೈಪಿಂಗ್ ಗುಮಾಸ್ತ. ಅವನಿಗಿಂತ ಎರಡು ವರ್ಷ ಚಿಕ್ಕವನು. ಅವನು ನನಗೆ ಹೇಳಿದ್ದು, ನಾನು ಕಣ್ಣಾರೆ ಕಂಡದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಗೇಟಿಗೆ ಬರುವ ಮುಂಚೆ ಅವನು ಇಪ್ಪತ್ತೊಂದು ವರ್ಷ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದ. ಗಾಜಿನ ನಳಿಗೆಗಳನ್ನು ತೊಳೆಯುವುದು, ಬಾಟಲಿಗಳಿಗೆ ಚೀಟಿ ಅಂಟಿಸುವುದು, ಒಡೆದದ್ದನ್ನು ಗುಡಿಸುವುದು. ಚೀಟಿ ಕಿತ್ತುಹೋದ ಬಾಟಲಿ ಸಿಕ್ಕರೆ ಬಿರಡೆ ತೆಗೆದು, ದೂರದಿಂದಲೇ ಅಂಗೈಯಲ್ಲಿ ಗಾಳಿ ಎಳೆದುಕೊಂಡು ಮೂಸಿ, ಇದು ಇಂಥದ್ದು ಅನ್ನುತ್ತಿದ್ದ. ಮೇಷ್ಟ್ರುಗಳು ಆಮೇಲೆ ಪರೀಕ್ಷೆ ಮಾಡಿ ನೋಡಿದರೆ ಅದೇ ಆಗಿರುತ್ತಿತ್ತು. ಅವನ ಬದುಕಿನಲ್ಲಿ ಹೆಮ್ಮೆಪಡುವಂಥದ್ದು ಎರಡೇ ಇದ್ದವು: ಆ ಮೂಗು ಮತ್ತು ಮಗಳು. ಮಗಳಿಗೆ ಒಂಬತ್ತು ತುಂಬುವ ಹೊತ್ತಿಗೆ ಹೆಂಡತಿ ತೀರಿಕೊಂಡಿದ್ದಳು. ಜಡೆ ಹೆಣೆಯುವುದರಿಂದ ಹಿಡಿದು ಎಲ್ಲವನ್ನೂ ಅವನೇ ಕಲಿತು ಬೆಳೆಸಿದ. ಈಗ ಅವಳು ನಮ್ಮ ಕಾಲೇಜಿನಲ್ಲೇ, ಸಿಬ್ಬಂದಿ ಮಕ್ಕಳಿಗೆಂದು ಮೀಸಲಿಟ್ಟ ಸೀಟಿನಲ್ಲಿ, ನರ್ಸಿಂಗ್ ಓದುತ್ತಿದ್ದಳು. ಕಾಲೇಜಿನ ಹಿಂಬದಿಯ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಅಪ್ಪ ಮಗಳು ಇಬ್ಬರೇ.

ಒಂದು ವರ್ಷ ಹಾಸ್ಟೆಲಿನ ಹುಡುಗನೊಬ್ಬ ಕುಡಿದು ಮೆಟ್ಟಿಲಿಂದ ಉರುಳಿ ಎರಡೂ ಕಾಲು ಮುರಿದುಕೊಂಡ. ಪತ್ರಿಕೆಯಲ್ಲಿ ಫೋಟೋ ಬಂತು. ಹಳೆಯ ವಾರ್ಡನ್ನನ್ನು ಕಿತ್ತುಹಾಕಿ ಗಣಿತದ ಮೇಷ್ಟ್ರನ್ನು ಆ ಜಾಗಕ್ಕೆ ತಂದರು. ಅವರು ಮೊದಲ ವಾರವೇ ನನ್ನ ಮೇಜಿನ ಎದುರು ಕುರ್ಚಿ ಎಳೆದುಕೊಂಡು ಕೂತು, ಒಂದೇ ಉಸಿರಿಗೆ ಹದಿಮೂರು ನಿಯಮ ಹೇಳಿ ಬರೆಸಿದರು.

ಐದನೆಯದು: ಯಂತ್ರದ ಅಂಕಿ ಮೂವತ್ತು ದಾಟಿದರೆ, ಅಥವಾ ಕಾವಲುಗಾರನಿಗೆ ವಾಸನೆ ಬಂದರೆ, ವಿದ್ಯಾರ್ಥಿಯು ಮದ್ಯ ಸೇವಿಸಿರುವುದಾಗಿ ಪರಿಗಣಿಸತಕ್ಕದ್ದು. ಏಳನೆಯದು: ಅಂಥವನನ್ನು ವಾರ್ಡನ್ ಬರುವವರೆಗೆ ಗೇಟಿನ ಬೆಂಚಿನ ಮೇಲೆ, ಎಲ್ಲರಿಗೂ ಕಾಣುವಂತೆ ಕೂರಿಸತಕ್ಕದ್ದು. ಎಂಟನೆಯದು: ಆತನಿಗೆ ನೀರು, ಆಹಾರ ಯಾವುದನ್ನೂ ಕೊಡತಕ್ಕದ್ದಲ್ಲ. ಒಂಬತ್ತನೆಯದು: ಕಾವಲುಗಾರನು ಯಾವ ಸಬೂಬನ್ನೂ ಕೇಳತಕ್ಕದ್ದಲ್ಲ.

ಎಂಟನೆಯದನ್ನು ಟೈಪ್ ಮಾಡುವಾಗ ನನ್ನ ಬೆರಳು ತಡೆಯಿತು. "ಸರ್, ನೀರೂ ಬೇಡ್ವಾ?"

"ನೀರು ಕುಡಿದ್ರೆ ಅಂಕಿ ಇಳಿದುಹೋಗುತ್ತೆ ಕಣ್ರೀ. ನಾನು ಬಂದು ಇನ್ನೊಂದ್ಸಲ ಊದಿಸೋವರೆಗೂ ಹಾಗೇ ಇರಬೇಕು."

ನೀರಿಗೂ ಅಂಕಿಗೂ ಏನು ಸಂಬಂಧ ಅಂತ ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಟೈಪ್ ಮಾಡಿದೆ. ದೊಡ್ಡ ಅಕ್ಷರದಲ್ಲಿ ಬರೆಸಿ ಗೇಟಿಗೆ ತಗುಲಿಹಾಕಿದರು. ಗೇಟಿಗೊಬ್ಬ ನಂಬಿಕಸ್ಥ ಬೇಕೆಂದಾಗ, ಯಾರೋ ಲ್ಯಾಬಿನ ಆ ಮೂಗಿನ ಸುದ್ದಿ ಹೇಳಿದರು. ಹೀಗೆ ಅವನು ಬಿಳಿ ಕೋಟು ಬಿಚ್ಚಿ ಖಾಕಿ ತೊಟ್ಟ.

ಅವನು ಒಳ್ಳೆಯವನು ಅಂತ ಬರೆದು ಮುಗಿಸಬಹುದಿತ್ತು. ಒಳ್ಳೆಯವನೇ. ಆದರೆ ಗೇಟಿನ ಕೆಲಸ ಅವನಿಗೆ ರುಚಿ ಹತ್ತಿಸಿತು. ಇಪ್ಪತ್ತೊಂದು ವರ್ಷ ಒಬ್ಬ ವಿದ್ಯಾರ್ಥಿಯೂ ಅವನ ಮುಖ ಎತ್ತಿ ನೋಡಿರಲಿಲ್ಲ. ಈಗ ಕಾರಿನಲ್ಲಿ ಬಂದಿಳಿಯುವ ಹುಡುಗರೂ ತಲೆತಗ್ಗಿಸಿ ಅವನೆದುರು ನಿಂತು ಬಾಯಿ ತೆರೆಯಬೇಕು. ಒಬ್ಬ ಬಾಯಿತುಂಬ ಟೂತ್‌ಪೇಸ್ಟಿನ ನೊರೆ ಇಟ್ಟುಕೊಂಡೇ ಬಂದ. ಇನ್ನೊಬ್ಬ ಊದುವ ಬದಲು ಉಸಿರನ್ನು ಒಳಗೇ ಎಳೆದ. ಇವನು ಅವರನ್ನೆಲ್ಲ ಹಿಡಿದು ಬೆಂಚಿಗೆ ಹಾಕಿದ. ಯಂತ್ರ ಬೇಡವೇ ಬೇಡ, ಹತ್ತು ಹೆಜ್ಜೆ ದೂರದಿಂದ ಹೇಳಬಲ್ಲೆ ಅನ್ನುತ್ತಿದ್ದ. "ಯಂತ್ರಕ್ಕೆ ಬ್ಯಾಟರಿ ಹೋಗುತ್ತೆ ಕಣೋ. ನನ್ನ ಮೂಗಿಗೆ ಹೋಗಲ್ಲ."

ಬೆಂಚಿನ ಮೇಲೆ ಕೂತವರನ್ನು ಬೆಳಿಗ್ಗೆ ಕಾಲೇಜಿಗೆ ಹೋಗುವ ಹುಡುಗಿಯರು ನೋಡಿ ನಗುತ್ತಿದ್ದರು. ಕೂತ ಹುಡುಗರಲ್ಲಿ ಕೆಲವರು ಅಳುತ್ತಿದ್ದರು. ಅವನು ಪತ್ರಿಕೆ ಓದುತ್ತ ಕೂತಿರುತ್ತಿದ್ದ.

ಮೊದಲ ವರ್ಷದ ಹುಡುಗನೊಬ್ಬ ಇದ್ದ. ತೆಳ್ಳಗೆ, ದಪ್ಪ ಕನ್ನಡಕ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಹಾಗೇ ಮಾತಾಡುತ್ತಿದ್ದ. ಎಲ್ಲರೂ ಅವನನ್ನು ಮಿಮಿಕ್ರಿ ಅಂತಲೇ ಕರೆಯುತ್ತಿದ್ದರು. ವಾರ್ಷಿಕೋತ್ಸವದ ದಿನ ಆ ಹುಡುಗ ವೇದಿಕೆಯ ಮೇಲೆ ಖಾಕಿ ಅಂಗಿ ಹಾಕಿಕೊಂಡು ಬಂದ. ಒಂದು ಬಾಚಣಿಗೆಯನ್ನು ಯಂತ್ರದ ಹಾಗೆ ಹಿಡಿದು ಎಲ್ಲರ ಬಾಯನ್ನೂ ಮೂಸಿದ. ಪ್ರಿನ್ಸಿಪಾಲರ ಪಾತ್ರದವನನ್ನು ಮೂಸಿ ಮೂರ್ಛೆ ಬಿದ್ದ. ಕೊನೆಗೆ ತನ್ನ ಮೂಗನ್ನೇ ತಟ್ಟಿ, "ಬ್ಯಾಟರಿ ಹೋಗಲ್ಲಪ್ಪ ಇದಕ್ಕೆ" ಅಂದ. ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ. ಊದಪ್ಪ ಬಾಗಿಲ ಹತ್ತಿರ ನಿಂತಿದ್ದ. ಮೂರನೇ ಸಾಲಿನಲ್ಲಿ ಮಗಳು ಕಣ್ಣೊರೆಸಿಕೊಂಡು ನಗುವುದನ್ನು ಅವನು ನೋಡಿದ.

"ನೀನೂ ನಕ್ಕೆ," ಅಂದನಂತೆ ಮನೆಗೆ ಹೋದ ಮೇಲೆ.

"ಚೆನ್ನಾಗಿ ಮಾಡಿದ ಅಪ್ಪ. ತಮಾಷೆಗಲ್ವಾ?"

ಆ ದಿನದಿಂದ ಮಿಮಿಕ್ರಿ ಗೇಟಿಗೆ ಬಂದಾಗಲೆಲ್ಲ ಎರಡೆರಡು ಸಲ ಊದಿಸುತ್ತಿದ್ದ.

ಅದು ಪರೀಕ್ಷೆ ಹತ್ತಿರ ಬಂದಿದ್ದ ಒಂದು ಭಾನುವಾರ. ಮಧ್ಯಾಹ್ನ ಒಂದಕ್ಕೆ ಇಪ್ಪತ್ತು ನಿಮಿಷ ಇತ್ತು, ರಿಜಿಸ್ಟರಿನಲ್ಲಿ ಸಮಯ ಹಾಗೇ ಇದೆ. ಬಿಸಿಲಿಗೆ ಗೇಟಿನ ಕಬ್ಬಿಣ ಮುಟ್ಟಲಾಗುತ್ತಿರಲಿಲ್ಲ. ಮಿಮಿಕ್ರಿ ಲೈಬ್ರರಿಯ ಕಡೆಯಿಂದ ಒಬ್ಬನೇ ಬಂದ. ಕಾಲು ಎತ್ತಿಟ್ಟಲ್ಲಿ ಬೀಳುತ್ತಿರಲಿಲ್ಲ. ಹದಿನೈದು ದಿನದಿಂದ ಆ ಹುಡುಗ ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದ್ದ, ಬಟ್ಟೆ ಮೈಮೇಲೆ ಜೋಲಾಡುತ್ತಿತ್ತು. ಪರೀಕ್ಷೆಯ ಹೆದರಿಕೆ ಅಂತ ಕೋಣೆಯ ಗೆಳೆಯರು ಗೇಲಿ ಮಾಡಿದ್ದರು. ಊದಪ್ಪನಿಗೆ ಇದು ಯಾವುದೂ ಗೊತ್ತಿರಲಿಲ್ಲ.

"ಅಂಕಲ್, ಒಳಗೆ ಬಿಡಿ. ಮಲಗಬೇಕು," ಅಂದ ಹುಡುಗ. ನಾಲಿಗೆ ತೊದಲುತ್ತಿತ್ತು.

"ಊದು."

ಊದಿದ. ಯಂತ್ರ ಸೊನ್ನೆ ತೋರಿಸಿತು.

"ಸರಿಯಾಗಿ ಊದು. ನಾಟಕ ಆಡಬೇಡ."

ಎರಡನೇ ಸಲವೂ ಸೊನ್ನೆ. ಆದರೆ ಉಸಿರಿನ ಜೊತೆ ಒಂದು ವಾಸನೆ ಬಂತು. ಕೊಳೆತ ಹಣ್ಣಿನ ಹಾಗೆ, ಸಿಹಿಸಿಹಿಯಾಗಿ, ಮೂಗಿನ ತುದಿಗೆ ಚುಚ್ಚುವಂಥದ್ದು.

"ಏನು ಕುಡಿದಿದ್ದೀಯ? ಹಣ್ಣಿನ ಸರಕಾ?"

"ಏನೂ ಕುಡಿದಿಲ್ಲ ಅಂಕಲ್. ಹೊಟ್ಟೆ ನೋವು. ಬೆಳಿಗ್ಗೆಯಿಂದ ವಾಂತಿ."

"ಕುಡಿದವರಿಗೆಲ್ಲ ಆಗೋದು ಅದೇ."

ಬೆಂಚಿನ ಮೇಲೆ ಕೂರಿಸಿದ. ರಿಜಿಸ್ಟರ್ ತೆರೆದು ಹೆಸರು, ಕೋಣೆ, ಸಮಯ ಬರೆದ. ಯಂತ್ರದ ಅಂಕಿ ಅನ್ನುವ ಕಡೆ ಸೊನ್ನೆ ಬರೆದ. ವಾಸನೆ ಅನ್ನುವ ಕಡೆ 'ಇದೆ' ಅಂತ ಬರೆದು ಅಡಿಗೆರೆ ಎಳೆದ. ವಾರ್ಡನ್ನರಿಗೆ ಫೋನ್ ಮಾಡಿದ. ಅವರು ಯಾವುದೋ ಸಭೆಯಲ್ಲಿದ್ದರು. "ಕೂರಿಸಿರು, ಐದಕ್ಕೆ ಬರ್ತೀನಿ," ಅಂದರು.

ಹುಡುಗ ಬೆಂಚಿನ ಪಕ್ಕದಲ್ಲೇ ವಾಂತಿ ಮಾಡಿದ. ಊದಪ್ಪ ಹಳೇ ಪತ್ರಿಕೆ ಎಸೆದು, "ನೀನೇ ಒರೆಸು. ನಾನು ನಿನ್ನ ಆಳಲ್ಲ," ಅಂದ. ಹುಡುಗ ಮಂಡಿಯೂರಿ ಒರೆಸಿದ. ಕನ್ನಡಕ ಕೆಳಗೆ ಬಿತ್ತು, ಅದನ್ನು ತಡವರಿಸಿ ಹುಡುಕಿಕೊಂಡ. ಮತ್ತೆ ಬೆಂಚು ಹತ್ತಲು ಮೂರು ಸಲ ಪ್ರಯತ್ನಪಟ್ಟ.

"ಅಂಕಲ್, ನೀರು."

"ರೂಲ್ಸ್ ಓದು. ಬೋರ್ಡು ಎದುರಿಗೇ ಇದೆ."

"ಒಂದೇ ಲೋಟ, ಅಂಕಲ್."

ಊದಪ್ಪನ ಕುರ್ಚಿಯ ಪಕ್ಕದಲ್ಲಿ ನೀರಿನ ಬಾಟಲಿ ಇತ್ತು. ಅವನು ಅದನ್ನು ಎತ್ತಿ ಕಾವಲು ಕೋಣೆಯ ಒಳಗಿಟ್ಟ, ಹುಡುಗನ ಕಣ್ಣಿಗೆ ಬೀಳದ ಹಾಗೆ. ಕನಿಕರದಿಂದ ಹಾಗೆ ಮಾಡಿದೆ ಅಂತ ಆಮೇಲೆ ನನ್ನ ಹತ್ತಿರ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಎರಡು ಗಂಟೆಗೆ ಊಟ ಮುಗಿಸಿ ಬಂದ ಹುಡುಗರು ಸುತ್ತ ನೆರೆದರು. "ಏನೋ ಮಿಮಿಕ್ರಿ, ಇವತ್ತು ಕುಡುಕನ ಪಾತ್ರನಾ?" "ನೋಡ್ರೋ, ಎಷ್ಟು ನ್ಯಾಚುರಲ್ಲಾಗಿ ಮಾಡ್ತಿದ್ದಾನೆ!" ಒಬ್ಬ ಫೋನಿನಲ್ಲಿ ವಿಡಿಯೋ ತೆಗೆದ. ಆ ವಿಡಿಯೋವನ್ನು ಆಮೇಲೆ ನಾನೂ ನೋಡಿದೆ. ಹುಡುಗ ತುಟಿ ಆಡಿಸುತ್ತಾನೆ, ದನಿ ಕೇಳುವುದಿಲ್ಲ. ಸುತ್ತ ನಗು ಕೇಳುತ್ತದೆ. ಅದರಲ್ಲಿ ಊದಪ್ಪನ ನಗುವೂ ಇದೆ.

ಮೂರರ ಹೊತ್ತಿಗೆ ಹುಡುಗ ಬೆಂಚಿನ ಮೇಲೆ ಉದ್ದಕ್ಕೆ ಒರಗಿದ. ಓಡಿ ಬಂದವನ ಹಾಗೆ ದೊಡ್ಡದಾಗಿ ಉಸಿರು ಎಳೆಯುತ್ತಿದ್ದ. ಗೊರಕೆ ಅಂದುಕೊಂಡ ಊದಪ್ಪ. ನಿದ್ದೆ ಮಾಡಿದರೆ ಇಳಿಯುತ್ತದೆ ಅಂತ ಸುಮ್ಮನಾದ.

ನಾಲ್ಕಕ್ಕೆ ಮಗಳು ಫ್ಲಾಸ್ಕಿನಲ್ಲಿ ಟೀ ತಂದಳು. ದಿನಾ ತರುವ ಹಾಗೆ. ಫ್ಲಾಸ್ಕು ಕೆಳಗಿಡುವ ಮುಂಚೆಯೇ ಬೆಂಚಿನ ಕಡೆ ನೋಡಿದಳು.

"ಯಾರಪ್ಪಾ ಇದು? ಯಾಕೆ ಹೀಗೆ ಉಸಿರಾಡ್ತಿದ್ದಾನೆ?"

"ಅವನೇ, ನಿನ್ನ ನಗಿಸಿದವನು. ಕುಡಿದು ಬಿದ್ದಿದ್ದಾನೆ."

ಅವಳು ಬಾಗಿ ಹುಡುಗನ ಬಾಯಿಯ ಹತ್ತಿರ ಮುಖ ತಂದಳು. ಕೆನ್ನೆ ತಟ್ಟಿದಳು. ರೆಪ್ಪೆ ಎತ್ತಿ ನೋಡಿದಳು.

"ಅಪ್ಪಾ, ಇದು ಹೆಂಡದ ವಾಸನೆ ಅಲ್ಲ. ಸಕ್ಕರೆ ಕಾಯಿಲೆ ಮಿತಿಮೀರಿದಾಗ ಬರೋ ವಾಸನೆ. ಎಷ್ಟೊತ್ತಾಯ್ತು ಹೀಗೆ?"

"ವಾರ್ಡನ್ ಸರ್ ಐದಕ್ಕೆ ಬರ್ತಾರೆ."

"ಎಷ್ಟೊತ್ತಾಯ್ತು ಅಂತ ಕೇಳ್ದೆ!"

"ಒಂದು ಗಂಟೆಗೆ ಬಂದ. ಅವರು ಬರದೆ ಇಲ್ಲಿಂದ ಅಲ್ಲಾಡಿಸೋ ಹಾಗಿಲ್ಲ ಕಣಮ್ಮ, ಏಳನೇ..."

ಅವಳು ಅಪ್ಪನನ್ನು ಪಕ್ಕಕ್ಕೆ ತಳ್ಳಿದಳು. ಹುಟ್ಟಿದಾಗಿನಿಂದ ಅವನ ಮೇಲೆ ಕೈಮಾಡಿದ್ದು ಅದೇ ಮೊದಲು. ತನ್ನ ಫೋನಿನಿಂದ ಆಂಬುಲೆನ್ಸಿಗೆ ಕರೆ ಮಾಡಿದಳು. ಅದು ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಒದ್ದೆ ಬಟ್ಟೆಯಲ್ಲಿ ತುಟಿ ಒರೆಸುತ್ತ ಕೂತಿದ್ದಳು. ಅಪ್ಪ ರಿಜಿಸ್ಟರ್ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ.

ಸೋಮವಾರ ಬೆಳಿಗ್ಗೆ ಹುಡುಗ ಆಸ್ಪತ್ರೆಯಲ್ಲಿ ತೀರಿಕೊಂಡ. ತನಗೆ ಆ ಕಾಯಿಲೆ ಇದೆ ಅಂತ ಅವನಿಗೇ ಗೊತ್ತಿರಲಿಲ್ಲ. ಎರಡು ಗಂಟೆ ಮುಂಚೆ ತಂದಿದ್ದರೆ ಉಳಿಸಬಹುದಿತ್ತು ಅಂತ ವೈದ್ಯರು ಮಗಳ ಹತ್ತಿರ ಅಂದರಂತೆ. ಅವರು ಅದನ್ನು ಎಲ್ಲೂ ಬರೆಯಲಿಲ್ಲ. ಆಸ್ಪತ್ರೆಯವರು ರಕ್ತದಲ್ಲಿ ಸಕ್ಕರೆ ನೋಡಿದರು. ಮದ್ಯ ಇತ್ತೇ ಅಂತ ನೋಡಲಿಲ್ಲ, ಅವರಿಗೆ ಅದರ ಅಗತ್ಯ ಇರಲಿಲ್ಲ.

ಅದೇ ಸೋಮವಾರ ಹನ್ನೊಂದು ಗಂಟೆಗೆ ವಾರ್ಡನ್ ರಿಜಿಸ್ಟರ್ ಸಮೇತ ಊದಪ್ಪನನ್ನು ಕರೆದುಕೊಂಡು ನನ್ನ ಮೇಜಿಗೆ ಬಂದರು. ವರದಿ ಟೈಪ್ ಮಾಡಿಸಬೇಕಿತ್ತು. ಪುಟ ತಿರುವಿ ಬೆರಳಿಟ್ಟರು.

"ಇದೇನು ಸೊನ್ನೆ?"

"ಯಂತ್ರ ತೋರಿಸಿದ್ದು ಅದೇ ಸರ್."

"ಯಂತ್ರ ತೋರಿಸಿದ್ದು ಅರವತ್ತು. ನೀನು ಆರು ಬರೆಯೋದು ಮರೆತಿದ್ದೀಯ."

ಊದಪ್ಪ ನನ್ನ ಕಡೆ ನೋಡಿದ. ನಾನು ಕೀಲಿಮಣೆಯ ಧೂಳು ಊದಿದೆ.

"ನಿನ್ನ ಮಗಳು ಕೊನೇ ವರ್ಷ ಅಲ್ವಾ?" ವಾರ್ಡನ್ನರ ದನಿ ಮೃದುವಾಯಿತು. "ತುಂಬಾ ಚೆನ್ನಾಗಿ ಓದ್ತಾಳಂತೆ. ಸಿಬ್ಬಂದಿ ಸೀಟು ಸಿಬ್ಬಂದಿ ಇರೋವರೆಗೆ ಮಾತ್ರ, ಗೊತ್ತಲ್ಲ? ಹಾಗೇ ಆ ಕ್ವಾರ್ಟರ್ಸೂ."

ಊದಪ್ಪ ಜೇಬು ತಡಕಿದ. ಪೆನ್ನು ಇರಲಿಲ್ಲ. ಅವನು ಕೇಳದಿದ್ದರೂ ನಾನು ನನ್ನ ಪೆನ್ನು ಚಾಚಿದೆ. ಸೊನ್ನೆಯ ಎಡಕ್ಕೆ ಒಂದು ಆರು ಬರೆದ. ಜಾಗ ಕಡಿಮೆ ಇದ್ದುದರಿಂದ ಅದು ಗೆರೆಗೆ ಒತ್ತಿಕೊಂಡು ಸ್ವಲ್ಪ ಸೊಟ್ಟಗೆ ಬಂತು. 'ಮದ್ಯಸೇವನೆಯಿಂದ ಉಲ್ಬಣಿಸಿದ ಕಾಯಿಲೆ' ಅಂತ ನಾನು ಟೈಪ್ ಮಾಡಿದೆ.

ಗುರುವಾರ ಹುಡುಗನ ತಾಯಿ ಅವನ ಪೆಟ್ಟಿಗೆ ತೆಗೆದುಕೊಂಡು ಹೋಗಲು ಬಂದರು. ನಾಲ್ಕು ಗಂಟೆ ಬಸ್ಸಿನ ದೂರದ ಊರಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟವರು. ಗಂಡ ಇಲ್ಲ, ಒಬ್ಬನೇ ಮಗ. ಕೋಣೆಯಲ್ಲಿದ್ದ ಅಂಗಿಗಳನ್ನೆಲ್ಲ ಅವರೇ ಮಡಚಿದರು, ಪ್ರತಿಯೊಂದನ್ನೂ ಹೊಲಿಗೆ ಒಳಗೆ ಬರುವ ಹಾಗೆ. ಪೆಟ್ಟಿಗೆ ಹೊರಲು ಗೇಟಿನವನನ್ನೇ ಕರೆಸಿದ್ದರು. ಸಾಮಾನಿನ ಪಟ್ಟಿಗೆ ಸಹಿ ಹಾಕಿಸಲು ನಾನು ಬಾಗಿಲಲ್ಲಿ ನಿಂತಿದ್ದೆ.

"ನೀವೇನಾ ಗೇಟಿನಲ್ಲಿ ಇದ್ದೋರು?" ಅಂತ ಕೇಳಿದರು.

"ಹೌದಮ್ಮ."

"ಅವನು ಕುಡಿದಿದ್ನಾ? ನಮ್ಮನೇಲಿ ಯಾರೂ ಮುಟ್ಟಿದವರಲ್ಲ. ನೀವು ಹಿರಿಯರು, ನೀವು ಹೇಳಿದ್ರೆ ನಂಬ್ತೀನಿ."

ಊದಪ್ಪ ಪೆಟ್ಟಿಗೆಯ ಬೀಗ ನೋಡುತ್ತ, "ಹೌದಮ್ಮ," ಅಂದ.

ಆಕೆ ತಲೆಯಾಡಿಸಿದರು. ಆಮೇಲೆ, "ಆ ಕಾಯಿಲೆಯವರಿಗೆ ಬಾಯಾರಿಕೆ ತಡೆಯಕ್ಕಾಗಲ್ವಂತೆ. ನೀರು ಕೇಳಿದ್ನಾ?"

"ಕೇಳಿದ."

"ಕೊಟ್ರಾ?"

"ಕೊಟ್ಟೆ ಅಮ್ಮ. ಹೊಟ್ಟೆ ತುಂಬಾ ಕುಡಿದ."

ಆ ತಾಯಿ ಎರಡೂ ಕೈ ಜೋಡಿಸಿದರು. "ನಿಮ್ಮ ಹೊಟ್ಟೆ ತಣ್ಣಗಿರಲಿ," ಅಂದರು. ಊದಪ್ಪ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ಮೆಟ್ಟಿಲಿಳಿದ.

ಮರುವಾರ ಸಾವಿನ ವಿಚಾರಣೆಗೆ ಮೂವರ ಸಮಿತಿ ಕೂತಿತು. ಮಗಳು ತಾನಾಗಿಯೇ ಹೋಗಿ ಹೇಳಿಕೆ ಕೊಟ್ಟಳು. ವಾಸನೆ ಎಂಥದ್ದು, ಉಸಿರು ಹೇಗಿತ್ತು, ಎಷ್ಟು ಹೊತ್ತು ಕೂರಿಸಿದ್ದರು, ನೀರು ಕೊಟ್ಟಿರಲಿಲ್ಲ, ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ನಾನು ಬರೆದುಕೊಳ್ಳುತ್ತಿದ್ದೆ. ಸಮಿತಿಯ ಹಿರಿಯರು ಕನ್ನಡಕ ಏರಿಸಿ, "ನೀನಿನ್ನೂ ವಿದ್ಯಾರ್ಥಿನಿ ಕಣಮ್ಮ. ಇಲ್ಲಿ ಅರವತ್ತು ಅಂತ ಇದೆಯಲ್ಲ," ಅಂದರು.

ಅವಳು ರಿಜಿಸ್ಟರ್ ಎಳೆದುಕೊಂಡು ನೋಡಿದಳು. ಆ ಸೊಟ್ಟ ಆರನ್ನು ಬಹಳ ಹೊತ್ತು ನೋಡಿದಳು. ಅಪ್ಪನ ಕೈಬರಹ ಅವಳಿಗೆ ಚಿಕ್ಕಂದಿನಿಂದ ಗೊತ್ತು, ಸ್ಲೇಟಿನ ಮೇಲೆ ಅಂಕಿ ತಿದ್ದಿಸಿದವನೇ ಅವನು. ಗೋಡೆಗೆ ಒರಗಿ ನಿಂತಿದ್ದ ಅವನ ಕಡೆ ತಿರುಗಿದಳು.

"ಅಪ್ಪಾ, ಹೇಳಿ."

"ರಿಜಿಸ್ಟರಿನಲ್ಲಿ ಇರೋದೇ ನಿಜ," ಅಂದ ಅವನು.

ಅವಳು ರಿಜಿಸ್ಟರ್ ಮುಚ್ಚಿಟ್ಟು ಹೊರನಡೆದಳು. ಮನೆಗೆ ಹೋಗಿ ಪುಸ್ತಕ ಕಟ್ಟಿದಳು. ಅವನು ಹಿಂದೆಯೇ ಓಡಿದ.

"ನಿನಗೋಸ್ಕರ ಮಾಡಿದೆ ಕಣಮ್ಮ. ಇನ್ನು ನಾಲ್ಕೇ ತಿಂಗಳು. ನಿನ್ನ ಓದು..."

"ನನ್ನ ತಲೆಗೆ ಕಟ್ಟಬೇಡಿ ಅಪ್ಪ. ನಾನು ಕೇಳಿರಲಿಲ್ಲ. ಆ ಹುಡುಗನ ಹೆಣದ ಮೇಲೆ ಕೂತು ಪರೀಕ್ಷೆ ಬರೀಲಾ?"

"ಹೋಗಿ ಏನು ಮಾಡ್ತೀಯ?"

"ಅವರಮ್ಮಂಗೆ ಹೇಳ್ತೀನಿ. ಕುಡಿದಿರಲಿಲ್ಲ ಅಂತ. ನೀರು ಕೊಡಲಿಲ್ಲ ಅಂತಾನೂ."

"ಅದನ್ನ ಹೇಳಬೇಡ್ವೇ. ಅದೊಂದನ್ನ..."

ಅವಳು ಹೋದಳು. ಪರೀಕ್ಷೆ ಬರೆಯಲಿಲ್ಲ. ಹುಡುಗನ ಊರಿನಲ್ಲೇ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸಕ್ಕೆ ಸೇರಿಕೊಂಡಳು ಅಂತ ಯಾರಿಂದಲೋ ತಿಳಿಯಿತು. ಹಾಸಿಗೆ ಬದಲಿಸುವುದು, ರೋಗಿಗಳ ಕೈಕಾಲು ಒರೆಸುವುದು. ಮೂರೂವರೆ ವರ್ಷ ಕಲಿತ ವಿದ್ಯೆ ಅಲ್ಲಿಗೆ ನಿಂತಿತು.

ಊದಪ್ಪ ಕಾದ. ಆ ತಾಯಿ ಬರುತ್ತಾರೆ, ಪೊಲೀಸರು ಬರುತ್ತಾರೆ, ಯಾರಾದರೂ ಬಂದು ಕಪಾಳಕ್ಕೆ ಹೊಡೆಯುತ್ತಾರೆ ಅಂತ ಪ್ರತಿದಿನ ಗೇಟಿನಲ್ಲಿ ಕೂತು ಕಾದ. ಯಾರೂ ಬರಲಿಲ್ಲ. ಹುಡುಗರು ಬಂದರು, ಊದಿದರು, ಒಳಗೆ ಹೋದರು. ಬೋರ್ಡಿಗೆ ಹದಿನಾಲ್ಕನೆಯ ನಿಯಮ ಸೇರಿತು: ತಾನು ಅಸ್ವಸ್ಥನೆಂದು ಹೇಳುವ ವಿದ್ಯಾರ್ಥಿಯು ವೈದ್ಯರ ಪ್ರಮಾಣಪತ್ರವನ್ನು ಗೇಟಿನಲ್ಲಿ ಹಾಜರುಪಡಿಸತಕ್ಕದ್ದು. ಅದನ್ನೂ ನಾನೇ ಟೈಪ್ ಮಾಡಿದೆ.

ಒಂದೂವರೆ ವರ್ಷದ ಮೇಲೆ ಅವನು ನಿವೃತ್ತನಾದ. ಅಷ್ಟರಲ್ಲಿ ವಾರ್ಡನ್ ಪ್ರಿನ್ಸಿಪಾಲರಾಗಿದ್ದರು. ಬೀಳ್ಕೊಡುಗೆಯಲ್ಲಿ ಹೂಗುಚ್ಛ ಕೊಟ್ಟು, "ಈತನ ಮೂಗು ಒಂದು ದಿನವೂ ತಪ್ಪು ಹೇಳಲಿಲ್ಲ," ಅಂದರು. ಚಪ್ಪಾಳೆ ಬಿತ್ತು. ಊದಪ್ಪ ಹೂಗುಚ್ಛವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಎರಡು ಮಾತಾಡಿ ಅಂದಾಗ ತುಟಿ ಆಡಿಸಿದ, ದನಿ ಹೊರಡಲಿಲ್ಲ. ಭಾವುಕರಾಗಿದ್ದಾರೆ ಅಂತ ಯಾರೋ ಮೈಕ್ ಇಸಿದುಕೊಂಡರು.

ಮರುದಿನವೇ ಅವನು ಬಸ್ಸು ಹತ್ತಿ ಆ ಊರಿಗೆ ಹೋದ. ಅಂಗಡಿ ಸುಲಭವಾಗಿ ಸಿಕ್ಕಿತು. ಒಂದು ಹೊಲಿಗೆ ಯಂತ್ರ, ಗೋಡೆಗೆ ತೂಗುಹಾಕಿದ ಅರೆಹೊಲಿದ ಬಟ್ಟೆಗಳು, ನೆಲದ ತುಂಬ ಚೂರು ಬಟ್ಟೆ. ಆಕೆ ತಲೆಯೆತ್ತಿ ನೋಡಿ ಗುರುತು ಹಿಡಿದರು. ಯಂತ್ರ ತುಳಿಯುವುದನ್ನು ನಿಲ್ಲಿಸಲಿಲ್ಲ.

"ನಿಮ್ಮ ಮಗಳು ಎಲ್ಲಾ ಹೇಳಿದ್ದಾಳೆ," ಅಂದರು.

"ಅವಳಿಗೂ ಗೊತ್ತಿಲ್ಲದ್ದು ಒಂದಿದೆ ಅಮ್ಮ." ಅವನು ಹೊಸ್ತಿಲ ಹೊರಗೇ ನಿಂತಿದ್ದ. "ಲ್ಯಾಬಿನಲ್ಲಿ ಇಪ್ಪತ್ತೊಂದು ವರ್ಷ ಬಾಟಲಿ ಮೂಸಿದವನು ನಾನು. ಅದು ಹೆಂಡದ ವಾಸನೆ ಅಲ್ಲ ಅಂತ ನನಗೆ ಆವತ್ತೇ ಗೊತ್ತಾಯ್ತು. ಅವನು ಊದಿದಾಗಲೇ. ಅಸಿಟೋನ್ ಅಂತ ಲ್ಯಾಬಿನ ಒಂದು ದ್ರಾವಕ, ಅದರದ್ದೇ ವಾಸನೆ. ಬಾಯಲ್ಲಿ ಯಾಕೆ ಬರುತ್ತೆ ಅಂತ ಮಾತ್ರ ಗೊತ್ತಿರಲಿಲ್ಲ. ಆದ್ರೂ ಕೂರಿಸಿದೆ. ಅವನು ನನ್ನ ಹಾಗೆ ನಾಟಕ ಆಡಿ ಎಲ್ಲರನ್ನೂ ನಗಿಸಿದ್ದ. ಒಂದಿನ ಅವನೂ ಕೂರಲಿ, ಅವನನ್ನೂ ನೋಡಿ ನಗಲಿ ಅಂತ."

ಯಂತ್ರ ನಿಂತಿತು. ಆಕೆ ಸೂಜಿಯ ಕೆಳಗಿದ್ದ ಬಟ್ಟೆಯನ್ನು ಬಿಡಿಸಿ, ದಾರ ಕತ್ತರಿಸಿ, ಪಕ್ಕಕ್ಕಿಟ್ಟರು.

"ನಗಿಸಿದ್ದಕ್ಕಾ?" ಅಂದರು.

"ನಗಿಸಿದ್ದಕ್ಕೆ."

"ಇಲ್ಲಿಗೆ ಬಂದಾಗಲೂ ನಿಮ್ಮ ಹಾಗೆ ಮಾತಾಡಿ ತೋರಿಸಿದ್ದ. ಊದಪ್ಪ ಅಂತ. ಪಾಪದ ಮನುಷ್ಯ ಅಮ್ಮಾ, ಬಿಸಿಲಲ್ಲಿ ನಿಂತಿರ್ತಾನೆ ಅಂದಿದ್ದ."

ಅವನು ಅಳಲು ಶುರು ಮಾಡಿದ. ಕ್ಷಮಿಸಿ ಅಂದ. ಆಕೆ ಅವನು ಅತ್ತು ಮುಗಿಸುವವರೆಗೆ ಸುಮ್ಮನೆ ನೋಡಿ, ಬಿಲ್ಲಿನ ಪುಸ್ತಕದಿಂದ ಒಂದು ಹಾಳೆ ಹರಿದು ಕೊಟ್ಟರು.

"ಅತ್ತಿದ್ದು ಸಾಕು. ಅದರಿಂದ ನನಗೇನೂ ಆಗಬೇಕಾಗಿಲ್ಲ. ಎಲ್ಲವನ್ನೂ ಬರೀರಿ. ಅಂಕಿ ತಿದ್ದಿದ್ದು, ನೀರು ಕೊಡದೆ ಇದ್ದದ್ದು, ವಾಸನೆ ಗೊತ್ತಿದ್ದದ್ದು. ಸಹಿ ಹಾಕಿ."

ಅವನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಾಗಿ ಬರೆದ. ಮುಗಿಸುವ ಹೊತ್ತಿಗೆ ಸಂಜೆಯಾಗುತ್ತ ಬಂದಿತ್ತು. ಆಕೆ ಓದಿ, ಮಡಚಿ, ಎದೆಯ ಹತ್ತಿರ ಸಿಕ್ಕಿಸಿಕೊಂಡರು.

"ಈಗ ಹೊರಡಿ. ಅವಳು ಡ್ಯೂಟಿ ಮುಗಿಸಿ ಬರೋ ಹೊತ್ತು."

"ಯಾರು?"

"ನಿಮ್ಮ ಮಗಳು. ನನ್ನ ಜೊತೇಲೇ ಇದ್ದಾಳೆ, ಗೊತ್ತಿರಲಿಲ್ವಾ? ನಿಮ್ಮನ್ನು ಕಂಡ್ರೆ ಒಳಗೆ ಬರಲ್ಲ. ದಿನವಿಡೀ ನಿಂತು ದುಡಿದಿರ್ತಾಳೆ, ಪಾಪ, ಬಾಗಿಲಲ್ಲೇ ನಿಲ್ಲಿಸಬೇಡಿ."

ಅವನು ಬಸ್ ನಿಲ್ದಾಣದವರೆಗೆ ಹಿಂತಿರುಗಿ ನೋಡದೆ ನಡೆದನಂತೆ.

ಆ ಕಾಗದವನ್ನು ತಾಯಿ ಕಾಲೇಜಿಗೆ ತಂದುಕೊಟ್ಟರು. ನಿವೃತ್ತರಾದವರ ಮಾತಿಗೆ ಆಧಾರವಿಲ್ಲ, ಹಳೆಯ ರಿಜಿಸ್ಟರುಗಳನ್ನು ವಿಲೇವಾರಿ ಮಾಡಲಾಗಿದೆ, ವಿಷಯ ಇತ್ಯರ್ಥವಾಗಿದೆ ಅಂತ ಉತ್ತರ ಹೋಯಿತು. ಆಕೆ ಮತ್ತೆ ಬರಲಿಲ್ಲ. ಕಾಗದದ ಒಂದು ನಕಲು ಇಟ್ಟುಕೊಂಡಿದ್ದಾರಂತೆ. ಮಗನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ತೆಗೆದು ಓದಿಸುತ್ತಾರಂತೆ.

ಊದಪ್ಪ ಈಗ ಮಾರುಕಟ್ಟೆಯ ಹಿಂದೆ ಒಂದು ಬಾಡಿಗೆ ಕೋಣೆಯಲ್ಲಿದ್ದಾನೆ. ಹೋದ ತಿಂಗಳು ನನ್ನ ಮನೆಗೆ ಬಂದ. ತನ್ನ ಫೋನಿನಿಂದ ಮಾಡಿದರೆ ಮಗಳು ಎತ್ತುವುದಿಲ್ಲ, ನಿನ್ನ ಫೋನಿನಿಂದ ಒಂದ್ಸಲ ಮಾಡಿಕೊಡು ಅಂದ. ಮಾಡಿದೆ. ಎತ್ತಿದಳು. ನನ್ನ ದನಿ ಗುರುತು ಹಿಡಿದು, ಚೆನ್ನಾಗಿದ್ದೀರಾ ಅಂತ ಮರ್ಯಾದೆಯಿಂದಲೇ ಕೇಳಿದಳು.

"ನಿಮ್ಮ ಅಪ್ಪ..." ಅಂದೆ.

"ಅವರ ವಿಷಯ ಬೇಡ ಅಂಕಲ್. ಬೇರೆ ಏನಾದ್ರೂ ಇದ್ರೆ ಹೇಳಿ."

ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ. ಅವಳು ಫೋನ್ ಇಟ್ಟಳು. ಅವನು ಎದುರಿನ ಕುರ್ಚಿಯ ತುದಿಗೆ ಜರುಗಿ ನನ್ನ ಮುಖವನ್ನೇ ನೋಡುತ್ತಿದ್ದ.

"ಏನಂದಳು?"

"ಕೆಲಸದಲ್ಲಿದ್ದಾಳಂತೆ. ಆಮೇಲೆ ಮಾಡ್ತಾಳಂತೆ."

"ಸರಿ," ಅಂದ. ಅವನ ಮುಖ ಅರಳಿತು. "ಅಲ್ಲೀವರೆಗೂ ಇಲ್ಲೇ ಕೂತಿರಲಾ? ನಿನಗೇನೂ ತೊಂದರೆ ಇಲ್ಲ ತಾನೇ?"

ಇಲ್ಲ ಅಂದೆ. ಅವನು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಮೇಜಿನ ಮೇಲೆ ತನಗೆ ಕಾಣುವ ಹಾಗೆ ಇಟ್ಟುಕೊಂಡ.